ಕಣ್ಣಾಸ್ಪತ್ರೆಯೊಳಗೆ ಅರವತ್ತಾರು ಮುಚ್ಚಳ

"ಅತ್ತಿಗೆ, ಕಣ್ಣಾಸ್ಪತ್ರೆ ಒಳಗೆ ಎಷ್ಟು ಮ್ಯಾನ್‌ಹೋಲ್ ಇದೆ ಹೇಳಿ ನೋಡೋಣ?" ಎಂದು ನಾದಿನಿ ಕೇಳಿದಳು.

"ಒಂದೂ ಇಲ್ಲ," ಎಂದೆ. ಅಂದ ಮೇಲೆ, ಇಷ್ಟು ಬೇಗ ಹೇಳಬಾರದಿತ್ತು ಅನ್ನಿಸಿತು. ಯಾವ ಕಣ್ಣಾಸ್ಪತ್ರೆ ಎಂದಾದರೂ ಮೊದಲು ಕೇಳಬೇಕಿತ್ತು.

"ಅರವತ್ತಾರು ಇದೆ," ಎಂದು ಅವಳು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿದಳು.

ಶನಿವಾರ ಬೆಳಿಗ್ಗೆ. ನಾದಿನಿ ಕೆಲಸ ಮಾಡುವ ಒಳಚರಂಡಿ ಕಚೇರಿಯ ನಕ್ಷೆ ವಿಭಾಗದ ಆ ಉದ್ದನೆಯ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಪರದೆಯ ಮೇಲೆ ನಾನು ನಡೆದು ನಡೆದು ಬಾಯಿಪಾಠವಾಗಿದ್ದ ಬೀದಿಗಳು ಮೇಲಿನಿಂದ ಕಾಣುತ್ತಿದ್ದವು. ಬೀದಿಗಳ ಉದ್ದಕ್ಕೂ ಕೆಂಪು ಚುಕ್ಕೆಗಳು, ನಾನು ಫೋಟೋ ತೆಗೆದ ಒಂದೊಂದು ಮುಚ್ಚಳಕ್ಕೆ ಒಂದೊಂದು. ನಡುವೆ ಬೂದು ಬಣ್ಣದ ಒಂದು ದೊಡ್ಡ ಕಟ್ಟಡ. ಅದರ ಮೂಲೆಯೊಂದರಲ್ಲಿ ಮಾತ್ರ ಚುಕ್ಕೆಗಳು ಒಂದರ ಮೇಲೊಂದು ಬಿದ್ದು, ಸಕ್ಕರೆಗೆ ಇರುವೆ ಮುತ್ತಿದ ಹಾಗೆ ಗುಡ್ಡೆಯಾಗಿದ್ದವು.

"ನಿನ್ನೆ ಕೆಲಸದವರಿಬ್ಬರು ಹೊಸ ಮುಚ್ಚಳ ಗಾಡೀಲಿ ಹಾಕ್ಕೊಂಡು ಆಸ್ಪತ್ರೆ ಬಾಗಿಲಿಗೆ ಹೋಗಿದ್ರಂತೆ," ನಾದಿನಿ ಹೇಳಿದಳು. "ಒಡೆದದ್ದು ಒಳಗಿದೆ, ಬದಲಾಯಿಸಬೇಕು ಅಂದ್ರಂತೆ. ವಾಚ್‌ಮನ್ ಕೇಳಿದನಂತೆ, ಪೇಷಂಟ್ ಹೆಸರೇನು ಅಂತ."

ನಾನು ನಗಬೇಕಿತ್ತು. ಅವಳೂ ಅದಕ್ಕೇ ಕಾದಿದ್ದಳು. ನನ್ನ ಕಣ್ಣು ಆ ಇರುವೆಗುಡ್ಡೆಯ ಮೇಲೆಯೇ ಇತ್ತು.

ಈ ಕೆಲಸ ಕೊಡಿಸಿದವಳು ಇವಳೇ. ಒಳಚರಂಡಿ ಕಚೇರಿಯ ಹಳೆಯ ನಕ್ಷೆಗಳು ಎಂದೋ ಹಾಳಾಗಿದ್ದವು. ಯಾವ ಬೀದಿಯಲ್ಲಿ ಎಷ್ಟು ಮುಚ್ಚಳವಿದೆ, ಯಾವುದು ಗಟ್ಟಿ, ಯಾವುದು ಒಡೆದಿದೆ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಮುಚ್ಚಳಗಳಿಗೆ ನಂಬರೂ ಇಲ್ಲ. ಆದ್ದರಿಂದ ಒಬ್ಬರು ಬೀದಿ ಬೀದಿ ನಡೆದು ಒಂದೊಂದರ ಫೋಟೋ ತೆಗೆಯಬೇಕು. "ನಮ್ಮತ್ತಿಗೆ ಇದ್ದಾರೆ, ಮದುವೆ ಮುಂಚೆ ಸ್ಟುಡಿಯೋದಲ್ಲಿ ಕೆಲಸ ಮಾಡಿದವರು," ಎಂದು ಇವಳು ಹೇಳಿದ್ದಳಂತೆ. ಸ್ಟುಡಿಯೋದಲ್ಲಿ ನಾನು ಮಾಡುತ್ತಿದ್ದದ್ದು ಪಾಸ್‌ಪೋರ್ಟ್ ಅಳತೆಯ ಫೋಟೋಗಳನ್ನು ಕತ್ತರಿಸಿ ಲಕೋಟೆಗೆ ಹಾಕುವ ಕೆಲಸ. ಅದನ್ನು ನಾನೂ ಬಾಯಿಬಿಟ್ಟು ಹೇಳಲಿಲ್ಲ.

ಕೆಲಸ ಹೀಗೆ. ಕುತ್ತಿಗೆಗೆ ಕ್ಯಾಮೆರಾ. ಭುಜದ ಪಟ್ಟಿಗೆ ಸಿಕ್ಕಿಸಿಕೊಂಡ ಜಿಪಿಎಸ್, ಸಾಬೂನಿನಷ್ಟು ಗಾತ್ರದ್ದು, ಹಸಿರು ದೀಪ ಮಿಣುಕಿಸುತ್ತ ಐದು ಸೆಕೆಂಡಿಗೊಮ್ಮೆ ನಾನೆಲ್ಲಿದ್ದೇನೆಂದು ಬರೆದುಕೊಳ್ಳುತ್ತಾ ಇರುತ್ತದೆ. ಕ್ಯಾಮೆರಾಕ್ಕೆ ಜಾಗ ಗೊತ್ತಿಲ್ಲ, ಹೊತ್ತು ಮಾತ್ರ ಗೊತ್ತು. ಜಿಪಿಎಸ್‌ಗೆ ಎರಡೂ ಗೊತ್ತು, ಆದರೆ ಅದಕ್ಕೆ ಕಣ್ಣಿಲ್ಲ. ಸಂಜೆ ಮನೆಯಲ್ಲಿ, ಕಚೇರಿಯವರು ಕೊಟ್ಟ ಲ್ಯಾಪ್‌ಟಾಪಿನಲ್ಲಿ, ನಾನು ಎರಡನ್ನೂ ಕೂಡಿಸುತ್ತೇನೆ. ಫೋಟೋ ತೆಗೆದದ್ದು ಹತ್ತೂ ಕಾಲಿಗೆ, ಹತ್ತೂ ಕಾಲಿಗೆ ನಾನು ಎಲ್ಲಿದ್ದೆ, ಹಾಗಾದರೆ ಮುಚ್ಚಳ ಅಲ್ಲಿದೆ. ಹೀಗೆ ಒಂದೊಂದು ಫೋಟೋದೊಳಗೂ ಅದರ ಜಾಗ ಹೋಗಿ ಕೂರುತ್ತದೆ. ಕಚೇರಿಗೆ ಕಳಿಸುವುದು ಆ ಫೋಟೋಗಳನ್ನು ಮಾತ್ರ. ನಾನು ಇಡೀ ದಿನ ನಡೆದ ಜಾಡು ಜಿಪಿಎಸ್‌ನಲ್ಲೇ ಉಳಿಯುತ್ತದೆ. ಅದನ್ನು ಯಾರೂ ಕೇಳಿರಲಿಲ್ಲ, ನಿನ್ನೆ ನಾದಿನಿ ಫೋನ್ ಮಾಡಿ "ಜಿಪಿಎಸ್ಸು, ಕ್ಯಾಮೆರಾ ಎರಡೂ ತಗೊಂಡು ಬನ್ನಿ" ಎನ್ನುವವರೆಗೆ.

ನಮ್ಮತ್ತೆ ಈ ಜಿಪಿಎಸ್ ಅನ್ನು ಗಂಟೆ ಎನ್ನುತ್ತಾರೆ. ಮೊದಲ ದಿನ ನಾನು ಅದನ್ನು ಸಿಕ್ಕಿಸಿಕೊಂಡು ಹೊರಟಾಗ, "ಏನೇ ಇದು, ದನದ ಕೊರಳಿಗೆ ಕಟ್ಟೋ ಹಾಗೆ ಗಂಟೆ ಕಟ್ಟಿ ಬಿಟ್ಟಿದ್ದಾರೆ?" ಎಂದಿದ್ದರು.

"ಹಾಲು ಕರೆಯೋ ಹೊತ್ತಿಗೆ ಹುಡುಕೋಕೆ ಬೇಕಲ್ಲ ಅತ್ತೆ," ಎಂದಿದ್ದೆ. ಇಬ್ಬರೂ ನಕ್ಕಿದ್ದೆವು.

"ಒಡೆದದ್ದೆಲ್ಲ ಹಾಗೇ ಬಿದ್ದಿದೆ, ಗಟ್ಟಿ ಇರೋದನ್ನ ಕಿತ್ತು ಹೊಸದು ಹಾಕಿದ್ದಾರೆ," ನಾದಿನಿ ಹೇಳುತ್ತಿದ್ದಳು. "ಆಸ್ಪತ್ರೆಯದು ಕಣ್ಣಿಗೆ ಬಿತ್ತು, ಅಷ್ಟೆ. ಎರಡು ವಾರದಿಂದ, ಹನ್ನೊಂದು ಕೆಲಸದ ದಿನದ ಫೋಟೋ ಎಲ್ಲಾ ಸರಿದಿದೆ. ಅದರ ಹಿಂದಿನದೆಲ್ಲ ಸರಿ ಇದೆ. ಎರಡು ವಾರದ ಹಿಂದೆ ಏನು ಮಾಡಿದ್ರಿ?"

"ಕ್ಯಾಮೆರಾ ಬ್ಯಾಟರಿ ಪೂರ್ತಿ ಇಳಿದು ಗಂಟೆ, ತಾರೀಕು ಎಲ್ಲಾ ಅಳಿಸಿಹೋಗಿತ್ತು. ಮತ್ತೆ ಇಟ್ಟೆ."

"ದಿನಾ ಬೆಳಿಗ್ಗೆ ಮೊದಲನೇ ಫೋಟೋ ಜಿಪಿಎಸ್ ಮುಖದ್ದು ತೆಗೀಬೇಕು ಅಂತ ಹೇಳಿದ್ನಲ್ಲ?"

"ತೆಗೆದಿದ್ದೀನಿ."

ಅದನ್ನಂತೂ ತಪ್ಪಿಸಿರಲಿಲ್ಲ. ದಿನಾ ಬೆಳಿಗ್ಗೆ ಮೊದಲ ಬೀದಿಯ ಮೊದಲಲ್ಲಿ ನಿಂತು ಜಿಪಿಎಸ್ ಅನ್ನು ಅಂಗೈ ಮೇಲಿಟ್ಟುಕೊಂಡು, ಅದರ ಪರದೆಯ ಮೇಲೆ ಗಂಟೆ ನಿಮಿಷ ಕಾಣುವಂತೆ ಒಂದು ಫೋಟೋ. ಯಾಕೆ ತೆಗೆಯಬೇಕೆಂದು ಅವಳು ಮೊದಲ ದಿನವೇ ವಿವರಿಸಿದ್ದಳು. ಅದು ಬಾಗಿಲಿಗೆ ಬೀಗ ಹಾಕಿ ಎಳೆದು ನೋಡುವ ಹಾಗೆ ಕೈಗೆ ಅಭ್ಯಾಸವಾಗಿತ್ತು, ತಲೆಯಿಂದ ಜಾರಿಹೋಗಿತ್ತು. ತೆಗೆದದ್ದನ್ನು ನಾನು ಒಂದು ದಿನವೂ ತಿರುಗಿ ನೋಡಿರಲಿಲ್ಲ.

ನಾದಿನಿ ಆ ಫೋಟೋ ತೆರೆದಳು. ನನ್ನ ಅಂಗೈ, ಉಗುರಿನ ಸಂದಿಯಲ್ಲಿ ಕಪ್ಪು, ನಡುವೆ ಜಿಪಿಎಸ್. ಅದರ ಮುಖದ ಮೇಲೆ ಒಂಬತ್ತು ಗಂಟೆ ನಲವತ್ತೊಂದು ನಿಮಿಷ. ಫೋಟೋ ತನ್ನ ಬಗ್ಗೆ ತಾನು ಹೇಳಿಕೊಳ್ಳುತ್ತಿದ್ದದ್ದು ಒಂಬತ್ತು ಐವತ್ತಮೂರು.

ಅವಳು ಲೆಕ್ಕ ಮಾಡಲಿಲ್ಲ. ಸುಮ್ಮನೆ ಕುರ್ಚಿಗೆ ಒರಗಿದಳು. ಮುಖದಲ್ಲಿ ನಿಧಾನಕ್ಕೆ ನಗು ಬಂತು.

"ಅಡುಗೆಮನೆ ಗಡಿಯಾರ ನೋಡಿ ಇಟ್ರಾ?"

ಆಗ ನನಗೂ ಗೊತ್ತಾಯಿತು.

ಅದು ನಮ್ಮ ಮಾವನವರ ಗಡಿಯಾರ. ಹರೆಯದಲ್ಲಿ ಅವರಿಗೆ ಒಂದು ಒಳ್ಳೆಯ ಕೆಲಸದ ಇಂಟರ್‌ವ್ಯೂ ಬಂದಿತ್ತಂತೆ. ಸ್ಟೇಷನ್ನಿಗೆ ಹೋಗುವಷ್ಟರಲ್ಲಿ ರೈಲು ಹೊರಟು ಹನ್ನೆರಡು ನಿಮಿಷವಾಗಿತ್ತಂತೆ. ಮನೆಗೆ ಬಂದವರೇ ಗಡಿಯಾರವನ್ನು ಹನ್ನೆರಡು ನಿಮಿಷ ಮುಂದೆ ತಳ್ಳಿದರು. ಅವರು ಹೋಗಿ ಒಂಬತ್ತು ವರ್ಷವಾಯಿತು, ಗಡಿಯಾರ ಈಗಲೂ ಆ ರೈಲಿಗೆ ಓಡುತ್ತಲೇ ಇದೆ. ಸೆಲ್ ಬದಲಾಯಿಸಿದಾಗಲೆಲ್ಲ ಅತ್ತೆ ಮಲಗಿದಲ್ಲಿಂದಲೇ, "ಹನ್ನೆರಡು ಮುಂದೆ ಇಡು," ಎನ್ನುತ್ತಾರೆ. ನಮ್ಮ ಮನೆಯಲ್ಲಿ ಗಡಿಯಾರದ ಟೈಮು ಬೇರೆ, ನಿಜದ ಟೈಮು ಬೇರೆ. ಎಲ್ಲರೂ ನೋಡಿದ ತಕ್ಷಣ ಹನ್ನೆರಡು ಕಳೆಯುತ್ತಾರೆ. ಮದುವೆಯಾದ ಹೊಸದರಲ್ಲಿ ನಾನು ಬೆರಳು ಎಣಿಸುತ್ತಿದ್ದೆ. ಆಮೇಲೆ ಉಸಿರಾಡುವಷ್ಟು ಸಲೀಸಾಯಿತು.

ಬ್ಯಾಟರಿ ಇಳಿದಿದ್ದ ಆ ಭಾನುವಾರ ಕ್ಯಾಮೆರಾ ನನ್ನನ್ನು ಗಂಟೆ ಕೇಳಿದಾಗ ಫೋನು ಒಳಗೆ, ಮಲಗಿದ್ದ ನಮ್ಮೆಜಮಾನರ ತಲೆದೆಸೆಯಲ್ಲಿ ಚಾರ್ಜಿಗಿತ್ತು. ಒಲೆಯ ಮೇಲೆ ಹಾಲಿತ್ತು. ಅತ್ತೆ ಎರಡನೇ ಸಲ ಕರೆದಿದ್ದರು. ತಲೆಯೆತ್ತಿ ಗೋಡೆ ನೋಡಿದೆ, ಕಂಡದ್ದನ್ನು ಒತ್ತಿದೆ. ಇಷ್ಟು ವರ್ಷ ದಿನಕ್ಕೆ ನಲವತ್ತು ಸಲ ಕಳೆದವಳಿಗೆ ಅವತ್ತು ಒಂದು ಸಲ ಕಳೆಯುವಷ್ಟು ತ್ರಾಣ ಇರಲಿಲ್ಲ.

"ಅಪ್ಪ ಬದುಕಿದ್ದಾಗ ನಮ್ಮನ್ನ ಓಡಿಸಿದ್ದು ಸಾಲದು ಅಂತ ಈಗ ಮುನ್ಸಿಪಾಲಿಟೀನೂ ಓಡಿಸ್ತಿದ್ದಾರೆ ನೋಡಿ," ಎಂದು ನಾದಿನಿ ಜೋರಾಗಿ ನಕ್ಕಳು. ನಾನೂ ನಕ್ಕೆ. ಅವಳಿಗೆ ಸಿಟ್ಟು ಬರಲಿಲ್ಲವೆಂದು ಸಮಾಧಾನವಾಯಿತು. ಬೇರೆ ಮನೆಯಲ್ಲಿ ಹುಟ್ಟಿದವಳಾಗಿದ್ದರೆ ಈ ತಪ್ಪನ್ನು ಅವಳಿಗೆ ಅರ್ಥಮಾಡಿಸಲು ಅರ್ಧ ದಿನ ಬೇಕಾಗುತ್ತಿತ್ತು.

ಒಂದೊಂದು ಮುಚ್ಚಳವೂ ನಾನು ಹನ್ನೆರಡು ನಿಮಿಷ ಆಮೇಲೆ ಇದ್ದ ಜಾಗಕ್ಕೆ ಹೋಗಿ ಕೂತಿತ್ತು. ಸರಿಪಡಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ನನ್ನ ಜಿಪಿಎಸ್ ಅನ್ನು ವೈರಿನಿಂದ ಕಂಪ್ಯೂಟರಿಗೆ ಸಿಕ್ಕಿಸಿ, ಜಾಡನ್ನೆಲ್ಲ ಇಳಿಸಿಕೊಂಡು, ಒಂದು ಚೌಕದಲ್ಲಿ ಹನ್ನೆರಡು ಎಂದು ಬರೆದಳು. ಚುಕ್ಕೆಗಳು ಒಮ್ಮೆ ಮಾಯವಾಗಿ ಮತ್ತೆ ಮೂಡಿದವು. ಆಸ್ಪತ್ರೆಯ ಮೇಲಿನ ಗುಡ್ಡೆ ಕರಗಿ, ಅದರಲ್ಲಿದ್ದವೆಲ್ಲ ಹಿಂದಿನ ಬೀದಿಗೆ ಹೋಗಿ ಸಾಲಾಗಿ ನಿಂತವು. ಒಂದು ಚುಕ್ಕೆ ಶಾಲೆಯ ಗೇಟಿನ ಎದುರು ಹೋಗಿ ಕೂತಿತು. ಅದು ನನಗೆ ನೆನಪಿತ್ತು. ಅರ್ಧ ಮುರಿದ ಮುಚ್ಚಳ, ತೂತಿನಲ್ಲಿ ಯಾರೋ ಗುರುತಿಗೆಂದು ಮರದ ಕೊಂಬೆ ನೆಟ್ಟಿದ್ದರು. ಹನ್ನೊಂದು ದಿನ ಮಕ್ಕಳು ಆ ಕೊಂಬೆಯನ್ನು ಸುತ್ತಿಕೊಂಡು ಹೋಗಿದ್ದಾರೆ.

"ಸದ್ಯ, ಯಾರೂ ಬಿದ್ದಿಲ್ಲ," ನಾದಿನಿ ಅಂದಳು. "ಸೋಮವಾರ ಮೊದಲು ಅದನ್ನೇ ಹಾಕಿಸ್ತೀನಿ."

ಎದ್ದು ಹೊರಡಬಹುದು ಅಂದುಕೊಂಡೆ. ಅವಳು ಏಳಲಿಲ್ಲ. ಚುಕ್ಕೆಗಳು ಹೋದ ಜಾಗದಲ್ಲಿ ಈಗ ನನ್ನ ಜಾಡು ಕಾಣುತ್ತಿತ್ತು. ಬೀದಿಗಳಲ್ಲಿ ನೆಟ್ಟಗೆ ಹೋಗುತ್ತಿದ್ದ ನೀಲಿ ಗೆರೆ, ಆಸ್ಪತ್ರೆಯ ಆ ಮೂಲೆಗೆ ಬಂದು, ಉಂಡೆ ಬಿಚ್ಚಿಹೋದ ನೂಲಿನಂತೆ ತನ್ನ ಸುತ್ತ ತಾನೇ ಸಿಕ್ಕುಸಿಕ್ಕಾಗಿತ್ತು. ಕೂತಲ್ಲೇ ಕೂತರೆ ಜಿಪಿಎಸ್ ಹಾಗೆ ಮಾಡುತ್ತದೆ. ಅದಕ್ಕೆ ಸುಮ್ಮನಿರಲು ಬರುವುದಿಲ್ಲ.

ಅವಳು ಹಿಂದಿನ ದಿನದ್ದನ್ನು ತೆರೆದಳು. ಅದರ ಹಿಂದಿನದನ್ನು. ಅದರ ಹಿಂದಿನದನ್ನು. ಎಲ್ಲದರಲ್ಲೂ ಅದೇ ಮೂಲೆ, ಅದೇ ಸಿಕ್ಕು.

"ಎರಡೂ ಮುಕ್ಕಾಲಿಂದ ಮೂರೂ ಇಪ್ಪತ್ತೈದು," ಎಂದು ಓದಿದಳು. "ಎರಡು ತಿಂಗಳಿಂದ ದಿನಾ." ಆಮೇಲೆ ನನ್ನ ಕಡೆ ತಿರುಗಿ, ದನಿ ಬಹಳ ತಗ್ಗಿಸಿ ಕೇಳಿದಳು. "ಅತ್ತಿಗೆ, ನಿಮ್ಮ ಕಣ್ಣಿಗೆ ಏನಾಗಿದೆ?"

ಏನೂ ಆಗಿರಲಿಲ್ಲ.

ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ಆ ಆಸ್ಪತ್ರೆಗೆ ಬಚ್ಚಲು ಹುಡುಕಿಕೊಂಡು ಹೋಗಿದ್ದೆ. ಬೀದಿಯಲ್ಲಿ ಕೆಲಸ ಮಾಡುವ ಹೆಂಗಸಿಗೆ ಊರಿನ ನಕ್ಷೆ ಎಂದರೆ ಮೊದಲು ಅದೇ. ವಾಪಸು ಬರುವಾಗ ದೊಡ್ಡ ಕಿಟಕಿಯ ಪಕ್ಕ ಸಾಲು ಕುರ್ಚಿಗಳ ಒಂದು ಹಾಲ್ ಇತ್ತು. ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡವರು ಪಾಪೆ ದೊಡ್ಡದಾಗುವವರೆಗೆ ಅಲ್ಲಿ ಕಣ್ಣು ಮುಚ್ಚಿ ಕೂರಬೇಕು. ಮೂವತ್ತು ನಲವತ್ತು ಜನ, ಒಬ್ಬರೂ ಕಣ್ಣು ಬಿಟ್ಟಿಲ್ಲ, ಒಬ್ಬರೂ ಮಾತಾಡುತ್ತಿಲ್ಲ. ಒಂದು ನಿಮಿಷ ಕಾಲು ಆರಿಸಿಕೊಳ್ಳೋಣವೆಂದು ಕೊನೆಯ ಕುರ್ಚಿಯಲ್ಲಿ ಕೂತೆ. ಡ್ರಾಪ್ಸ್ ಬಾಟಲಿ ಹಿಡಿದ ನರ್ಸ್ ಸಾಲಿನುದ್ದಕ್ಕೂ ನೋಡುತ್ತ ಬಂದವಳು ನನ್ನ ಮುಂದೆ ನಿಂತು, "ಕಣ್ಣು ಮುಚ್ಕೊಳ್ಳಿ ಅಮ್ಮ, ನಾನು ಹೇಳೋವರೆಗೂ ತೆರೀಬೇಡಿ," ಎಂದಳು.

ಮುಚ್ಚಿದೆ. ಎಚ್ಚರವಾದಾಗ ನಲವತ್ತು ನಿಮಿಷ ಕಳೆದಿತ್ತು. ಅಷ್ಟು ಆಳದ ನಿದ್ದೆ ನಾನು ಎಂದು ಮಾಡಿದ್ದೆನೋ ನೆನಪಿರಲಿಲ್ಲ. ಅತ್ತೆ ಸೊಂಟ ಮುರಿದುಕೊಂಡು ಮಲಗಿದಂದಿನಿಂದ ರಾತ್ರಿ ಮೂರು ಸಲ ಏಳಬೇಕು. ನಮ್ಮೆಜಮಾನರು ಪ್ರೆಸ್ಸಿನಲ್ಲಿ ಎರಡನೇ ಪಾಳಿ ಮುಗಿಸಿ ಬಂದಾಗ ಒಮ್ಮೆ ಎದ್ದು ಬಡಿಸಬೇಕು. ನನ್ನ ನಿದ್ದೆ ಯಾವಾಗಲೂ ಚಿಲ್ಲರೆಯಾಗಿಯೇ ಸಿಗುತ್ತಿತ್ತು. ಆ ಹಾಲ್‌ನಲ್ಲಿ ಮೊದಲ ಸಲ ಇಡೀ ನೋಟು ಕೈಗೆ ಬಂದಂತಾಗಿತ್ತು.

ಆಮೇಲೆ ದಿನದ ಕೊನೆಯ ಬೀದಿ ಆಸ್ಪತ್ರೆಯ ಹತ್ತಿರಕ್ಕೆ ಬರುವಂತೆ ದಾರಿ ಜೋಡಿಸಿಕೊಳ್ಳತೊಡಗಿದೆ. ದಿನಕ್ಕೆ ತೊಂಬತ್ತು ಮುಚ್ಚಳವೆಂದು ಲೆಕ್ಕ. ಅದನ್ನು ಮುಗಿಸಿಯೇ ಹೋಗುತ್ತಿದ್ದೆ. ಮನೆಗೆ ತಲುಪುವುದು ಮೂರೂ ಮುಕ್ಕಾಲಿಗೆ. ನಾನು ಬರುವವರೆಗೆ ಅತ್ತೆಯನ್ನು ನೋಡಿಕೊಂಡು, ನಾಲ್ಕಕ್ಕೆ ನಮ್ಮೆಜಮಾನರು ಪಾಳಿಗೆ ಹೊರಡುತ್ತಾರೆ. ಕೆಲಸ ಮೂರೂ ಇಪ್ಪತ್ತೈದರವರೆಗೂ ಇರುತ್ತದೆಂದು ಮನೆಯವರು ತಿಳಿದಿದ್ದರು. ನಾನು ಹಾಗೆಂದು ಹೇಳಿರಲಿಲ್ಲ. ಅಲ್ಲವೆಂದೂ ಹೇಳಿರಲಿಲ್ಲ.

"ಡ್ರಾಪ್ಸ್ ಹಾಕ್ತಾರೆ," ಎಂದೆ ನಾದಿನಿಗೆ. "ಸ್ವಲ್ಪ ಹೊತ್ತು ಕಣ್ಣು ಮುಚ್ಕೊಂಡು ಕೂರಬೇಕು."

ಆ ಹಾಲ್‌ನ ಮಟ್ಟಿಗೆ ಎರಡು ಮಾತೂ ನಿಜ. ನನ್ನ ಮಟ್ಟಿಗೆ ಒಂದೂ ಅಲ್ಲ. ಆದರೂ ಹೇಳುವಾಗ ಎಷ್ಟು ಹಗುರವೆನಿಸಿತೆಂದರೆ, ಒಂದು ಕ್ಷಣ ನನಗೆ ನಿಜಕ್ಕೂ ಕಣ್ಣಿನ ಕಾಯಿಲೆ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಕಾಯಿಲೆಯಾಗಿದ್ದರೆ ಯಾರಿಗಾದರೂ ಹೇಳಿಕೊಳ್ಳಬಹುದು. ನಿದ್ದೆ ಬರುತ್ತದೆ ಎಂದು ಯಾರ ಹತ್ತಿರ ಹೇಳುವುದು? ಯಾರಿಗೆ ಬರುವುದಿಲ್ಲ?

"ಅಣ್ಣಂಗೆ ಗೊತ್ತಾ?"

"ಇಲ್ಲ. ನೀನು ಹೇಳಬೇಡ."

"ಚೆನ್ನಾಗಿದೆ. ಎಲ್ಲಾ ನೀವೊಬ್ರೇ ನುಂಗಿಕೊಂಡಿರಿ," ಎನ್ನುತ್ತ ಅವಳು ಫೋನ್ ಎತ್ತಿಕೊಂಡು ಆಗಲೇ ಕಿಟಕಿಯ ಹತ್ತಿರ ಹೋಗಿದ್ದಳು.

ಮನೆ ತಲುಪಿದಾಗ ಒಂದೂವರೆ. ಇವರು ಬಾಗಿಲಲ್ಲೇ ನನ್ನ ಕೈಯಿಂದ ಚೀಲ ಇಸಿದುಕೊಂಡರು. ಮದುವೆಯಾದ ಮೇಲೆ ಅವರು ನನ್ನ ಕೈಯಿಂದ ಚೀಲ ಇಸಿದುಕೊಂಡದ್ದು ನನಗೆ ಟೈಫಾಯಿಡ್ ಆಗಿದ್ದಾಗ ಎರಡು ಸಲ.

"ಹೋಗಿ ಮಲಗು. ಪರದೆ ಎಳೆದಿದ್ದೀನಿ," ಎಂದರು.

"ಅಡುಗೆ?"

"ಅನ್ನ ಇಟ್ಟಿದ್ದೀನಿ. ನೀನು ಬೆಂಕಿ ಮುಂದೆ ನಿಲ್ಲಬೇಡ."

ಕತ್ತಲೆ ಮಾಡಿದ ಕೋಣೆಯಲ್ಲಿ ಹೋಗಿ ಮಲಗಿದೆ. ಹಣೆಯ ಮೇಲೆ ಒದ್ದೆ ಬಟ್ಟೆ. ಬಾಗಿಲು ಮುಂದಕ್ಕೆ ಮಾಡಿತ್ತು. ಇಡೀ ಮನೆ ನನಗೋಸ್ಕರ ಮೆಲ್ಲಗೆ ಓಡಾಡುತ್ತಿತ್ತು. ಇವರು ಪಾತ್ರೆ ಇಡುವಾಗ ಒಂದೊಂದನ್ನೂ ಎಷ್ಟು ಜಾಗ್ರತೆಯಿಂದ ಇಡುತ್ತಿದ್ದರೆಂದರೆ, ಒಂದೊಂದೂ ಕೇಳುತ್ತಿತ್ತು. ಮೈ ಇಡೀ ನಿದ್ದೆ ಬೇಡುತ್ತಿತ್ತು, ನಿದ್ದೆ ಹತ್ತಲಿಲ್ಲ. ಸುಳ್ಳಿನ ಮೇಲೆ ಹಾಸಿದ ಹಾಸಿಗೆ ಎಂದೆಲ್ಲ ನಾನು ಯೋಚಿಸಲಿಲ್ಲ. ಅನ್ನ ತಳ ಹಿಡಿಯುತ್ತಿದೆ, ವಾಸನೆ ಬರುತ್ತಿದೆ, ಇವರಿಗೆ ಗೊತ್ತಾಗುತ್ತಿಲ್ಲ ಎಂದಷ್ಟೇ ಯೋಚಿಸುತ್ತಿದ್ದೆ.

ಆಗ ಪಕ್ಕದ ಕೋಣೆಯಿಂದ ಅತ್ತೆಯ ದನಿ ಕೇಳಿಸಿತು. ಕಿವಿ ಮಂದವಾದವರು ಪಿಸುಗುಟ್ಟಿದರೂ ಬೀದಿಗೆ ಕೇಳುತ್ತದೆ.

"ಆ ಫೋಟೋ ಕೆಲಸ ಬಿಡಿಸಿಬಿಡು. ಬಿಸಿಲಲ್ಲಿ ನೆಲ ನೋಡ್ಕೊಂಡು ನಡೆದ್ರೆ ಕಣ್ಣು ಉಳಿಯುತ್ತಾ?"

"ನಾನೂ ಅದನ್ನೇ ಅಂದುಕೊಂಡೆ," ಇವರು ಹೇಳಿದರು. "ಸೋಮವಾರದಿಂದ ಬೇರೆ ಯಾರನ್ನಾದ್ರೂ ನೋಡ್ಕೋ ಅಂತ ತಂಗಿಗೆ ಹೇಳಿಬಿಡ್ತೀನಿ."

"ಮನೇಲೇ ಇರಲಿ, ಪಾಪ. ನನ್ನ ಪಕ್ಕ ಆರಾಮಾಗಿ ಇರಲಿ."

ಎದ್ದು ಕೂತೆ. ಒದ್ದೆ ಬಟ್ಟೆ ಮಡಿಲಿಗೆ ಬಿತ್ತು. ಅವರ ಮಾತಿನಲ್ಲಿ ಒಂದು ಚೂರೂ ಕಪಟವಿರಲಿಲ್ಲ. ನನ್ನ ಮೇಲಿನ ಮರುಕದಿಂದಲೇ ನನಗಿದ್ದ ನಲವತ್ತು ನಿಮಿಷವನ್ನೂ, ಅದಕ್ಕೆ ಮೊದಲಿನ ಐದು ಗಂಟೆಯ ಬೀದಿಯನ್ನೂ ಮಡಿಸಿ ಒಳಗಿಡುತ್ತಿದ್ದರು. ಬೀದಿಯಲ್ಲಿ ಕಾಲು ನೋಯುತ್ತಿತ್ತು, ನಿಜ. ಆದರೆ ಅಲ್ಲಿ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ.

ಹೋಗಿ ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತೆ.

"ನನ್ನ ಕಣ್ಣು ಚೆನ್ನಾಗಿದೆ," ಎಂದೆ.

ಇಬ್ಬರೂ ನನ್ನ ಕಡೆ ನೋಡಿದರು.

"ಯಾವ ಡ್ರಾಪ್ಸೂ ಹಾಕ್ತಿಲ್ಲ. ಕೆಲಸ ಎರಡೂ ಮುಕ್ಕಾಲಿಗೆ ಮುಗಿಯುತ್ತೆ. ಆಮೇಲೆ ಅಲ್ಲಿ ಹೋಗಿ ಕೂತು ನಿದ್ದೆ ಮಾಡ್ತೀನಿ."

"ನಿದ್ದೆ?" ಎಂದರು ಇವರು.

"ನಿದ್ದೆ. ನಲವತ್ತು ನಿಮಿಷ."

ಅವರ ಕೈಯಲ್ಲಿ ಸೌಟು ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತರು. "ಆಸ್ಪತ್ರೇಲಿ ಹೋಗಿ ನಿದ್ದೆ ಮಾಡ್ತಾರಾ? ಮನೇಲಿ ಹಾಸಿಗೆ ಇಲ್ವಾ?"

"ಹಾಸಿಗೆ ಇದೆ ರೀ. ನಾನು ಮಲಗಿದ ತಕ್ಷಣ ಯಾರಿಗಾದ್ರೂ ಏನಾದ್ರೂ ಬೇಕಾಗುತ್ತೆ."

"ನಾನಿಲ್ಲಿ ಗಡಿಯಾರ ನೋಡ್ಕೊಂಡು ಕೂತಿರ್ತೀನಿ. ಪಾಪ, ಬಿಸಿಲಲ್ಲಿ ಬರ್ತಾಳೆ ಅಂತ." ಅವರ ದನಿಯಲ್ಲಿದ್ದದ್ದು ಸಿಟ್ಟಲ್ಲ. ಸಿಟ್ಟಾಗಿದ್ದರೆ ಸುಲಭವಿತ್ತು. "ಹಾಗಾದ್ರೆ ನನಗೂ ಒಂದು ಆಸ್ಪತ್ರೆ ನೋಡು. ಕಿವಿದೋ ಮೂಗಿಂದೋ."

ಅವರೂ ದಣಿದವರೇ. ಒಂದು ಮನೆಯಲ್ಲಿ ಇಬ್ಬರು ದಣಿದರೆ ಯಾರದು ಹೆಚ್ಚೆಂದು ಅಳೆಯಲು ಕೂರುವುದರಲ್ಲೇ ಇನ್ನಷ್ಟು ದಣಿವಾಗುತ್ತದೆ.

ಅತ್ತೆ ದಿಂಬಿನ ಮೇಲೆ ತಲೆ ಹೊರಳಿಸಿದರು. "ಅಲ್ಲಿ ಕಣ್ಣು ಮುಚ್ಕೊಂಡು ಕೂತ್ರೆ ಯಾರೂ ಎಬ್ಬಿಸಲ್ವೇನೇ?"

"ಇಲ್ಲ ಅತ್ತೆ."

"ಗದ್ದಲ?"

"ಯಾರೂ ಮಾತಾಡಲ್ಲ."

ಅವರು ಸೂರಿನ ಕಡೆಗೆ ಕಣ್ಣು ತಿರುಗಿಸಿದರು. "ಸೊಂಟ ನೆಟ್ಟಗಿದ್ದ ಕಾಲದಲ್ಲಿ ನನಗ್ಯಾರೂ ಇಂಥದ್ದೊಂದು ಜಾಗ ತೋರಿಸಲಿಲ್ಲ," ಎಂದರು. ಆಮೇಲೆ ಮಗನ ಕಡೆಗೆ, "ಅನ್ನ ಸೀಯ್ತಾ ಇದೆ, ನೋಡು ಹೋಗು."

ಇವರು ಹೋದರು. ಆ ದಿನ ಸೀದ ಅನ್ನವನ್ನೇ ಮೂವರೂ ಉಂಡೆವು. ಕೆಲಸ ಬಿಡುವ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಪಾಳಿಗೆ ಹೊರಡುವಾಗ ಇವರು ಚಪ್ಪಲಿ ಮೆಟ್ಟಿಕೊಳ್ಳುತ್ತ, ನನ್ನ ಮುಖ ನೋಡದೆ ಕೇಳಿದರು.

"ಸೋಮವಾರ ಮೂರೂ ಮುಕ್ಕಾಲಿಗೇ ಬರೋದು ಅಂತಾಯ್ತು. ಯಾವ ಮೂರೂ ಮುಕ್ಕಾಲು? ಗಡಿಯಾರದ್ದಾ, ನಿಜದ್ದಾ?"

"ನಿಜದ್ದು."

"ಸರಿ," ಎಂದರು. ಬಾಗಿಲು ಎಳೆದುಕೊಂಡದ್ದು ಯಾವತ್ತಿಗಿಂತ ಸ್ವಲ್ಪ ಜೋರಾಗಿತ್ತು.

ರಾತ್ರಿ ನಾದಿನಿ ಫೋನ್ ಮಾಡಿದಳು. ಅಣ್ಣ ಅವಳಿಗೆ ಹೇಳಿಯಾಗಿತ್ತು. "ಅತ್ತಿಗೆ, ನಂಗೆ ಸುಳ್ಳು ಹೇಳಿದ್ರಲ್ಲ," ಎಂದಳು. ನಾನು ಹೂಂ ಎಂದೆ. "ಬೇಕಾದ್ರೆ ಜಾಡಿನ ಕೊನೇಲಿರೋ ಆಸ್ಪತ್ರೆ ಬಾಲ ಕತ್ತರಿಸಿ ಇಡ್ತೀನಿ. ನಮ್ಮ ಆಫೀಸಿನ ಇಂಜಿನಿಯರು ನೋಡೋದು ಬೇಡ," ಎಂದಳು. ಕತ್ತರಿಸು ಎನ್ನಲು ಬಾಯಿ ತೆರೆದೆ. ಆಮೇಲೆ, "ಇರಲಿ ಬಿಡು, ತೊಂಬತ್ತು ಮುಚ್ಚಳ ಮುಗಿಸಿಯೇ ಹೋಗಿದ್ದೀನಿ," ಎಂದೆ.

ಸೋಮವಾರ ಮೊದಲ ಬೀದಿಯ ಮೊದಲಲ್ಲಿ ನಿಂತು ಕ್ಯಾಮೆರಾದ ಗಂಟೆಯನ್ನು ಜಿಪಿಎಸ್ ನೋಡಿ ಸರಿಮಾಡಿದೆ. ಅಂಗೈ ಮೇಲಿಟ್ಟು ಫೋಟೋ ತೆಗೆದೆ. ಈ ಸಲ ತಿರುಗಿಸಿ ನೋಡಿದೆ. ಎರಡರಲ್ಲೂ ಒಂಬತ್ತು ಮೂವತ್ತೆಂಟು. ಶಾಲೆಯ ಗೇಟಿನ ಮುಂದೆ ಹೋದಾಗ ಕೆಲಸದವರು ಹೊಸ ಮುಚ್ಚಳ ಕೂರಿಸಿ, ಅದರ ಮೇಲೆ ನಿಂತು ಗಟ್ಟಿಯಿದೆಯೇ ನೋಡುತ್ತಿದ್ದರು. ಕೊಂಬೆ ಪಕ್ಕದಲ್ಲಿ ಬಿದ್ದಿತ್ತು. ಅದರಲ್ಲಿ ಇನ್ನೂ ಎರಡು ಎಲೆ ಹಸಿರಾಗಿತ್ತು.

ಎರಡೂ ಮುಕ್ಕಾಲಿಗೆ ಹಾಲ್‌ಗೆ ಹೋದೆ. ಕೊನೆಯ ಕುರ್ಚಿ ಖಾಲಿಯಿತ್ತು. ಕೂತೆ. ಇವತ್ತು ಮನೆಯಲ್ಲಿ ಎಲ್ಲರಿಗೂ ನಾನೆಲ್ಲಿದ್ದೇನೆಂದು ಗೊತ್ತು ಎನ್ನುವುದೇ ಪಕ್ಕದ ಕುರ್ಚಿಯಲ್ಲಿ ಯಾರೋ ಬಂದು ಕೂತ ಹಾಗಿತ್ತು. ಆದರೂ ಕಣ್ಣು ಮುಚ್ಚಿದೆ. ರೆಪ್ಪೆಗಳು ಭಾರವಾಗಿ, ಕಿಟಕಿಯ ಆಚೆಯ ಗಾಡಿಗಳ ಸದ್ದು ದೂರ ಸರಿಯುತ್ತಿದ್ದ ಹೊತ್ತಿಗೆ ಫೋನು ಅಲುಗಿತು.

"ಅಮ್ಮನ ಮೂರು ಗಂಟೆ ಮಾತ್ರೆ ಎಲ್ಲಿಟ್ಟಿದ್ದೀಯ?" ಇವರ ದನಿ.

"ಗಡಿಯಾರದ ಕೆಳಗಿನ ಗೂಡಲ್ಲಿ. ನೀಲಿ ಡಬ್ಬಿ."

"ಸಿಕ್ತು. ಎದ್ದೇ ಇದ್ದೀಯಲ್ಲ?"

"ಈಗ ಎದ್ದೆ."

"ಹಾಗೇ, ನನ್ನ ಬೂದು ಅಂಗಿ ಇಸ್ತ್ರಿಗೆ ಕೊಟ್ಟಿದ್ಯಾ?"

ಎರಡು ತಿಂಗಳಲ್ಲಿ ಈ ಹೊತ್ತಿಗೆ ಅವರು ಒಮ್ಮೆಯೂ ಫೋನ್ ಮಾಡಿರಲಿಲ್ಲ. ಆಗ ನಾನು ಕೆಲಸದಲ್ಲಿದ್ದೆ, ಬೀದಿಯಲ್ಲಿದ್ದೆ, ಗಾಡಿಗಳ ನಡುವೆ ಇದ್ದೆ. ಈಗ ಸುಮ್ಮನೆ ಕೂತಿದ್ದೇನೆ. ಅವರು ಬೇಕೆಂದು ಮಾಡಿದ್ದಲ್ಲ. ನೀಲಿ ಡಬ್ಬಿ ನಿಜಕ್ಕೂ ಸಿಕ್ಕಿರಲಿಲ್ಲ. ಮಾತ್ರೆ, ಅಂಗಿ, ಆಮೇಲೆ ನಾಳೆ ಇನ್ನೊಂದು. ಹೀಗೇ ನಲವತ್ತು ನಿಮಿಷ ಮತ್ತೆ ಚಿಲ್ಲರೆಯಾಗುತ್ತದೆ ಎಂದು ನನಗೆ ಆಗಲೇ ಗೊತ್ತಾಯಿತು.

ನೆರಳೊಂದು ಮುಂದೆ ಬಂದು ನಿಂತಿತು. ಅದೇ ನರ್ಸ್, ಕೈಯಲ್ಲಿ ಅದೇ ಬಾಟಲಿ. ನನ್ನ ಭುಜದ ಮೇಲಿನ ಹಸಿರು ದೀಪವನ್ನೂ, ಕುತ್ತಿಗೆಯ ಕ್ಯಾಮೆರಾವನ್ನೂ, ಧೂಳು ಹಿಡಿದ ನನ್ನ ಕಾಲುಗಳನ್ನೂ ಒಮ್ಮೆ ನೋಡಿದಳು. ಅವಳಿಗೆ ಎಷ್ಟು ಗೊತ್ತಿತ್ತೋ ನನಗೆ ತಿಳಿಯದು. ಅವಳ ಕಣ್ಣ ಕೆಳಗೂ ಕಪ್ಪಾಗಿತ್ತು.

"ಅಮ್ಮ, ಇಲ್ಲಿ ಫೋನ್ ಮಾತಾಡೋ ಹಾಗಿಲ್ಲ," ಎಂದಳು. "ಆಫ್ ಮಾಡಿ. ಕಣ್ಣು ಮುಚ್ಕೊಳ್ಳಿ. ನಾನು ಹೇಳೋವರೆಗೂ ತೆರೀಬೇಡಿ."

"ಇಲ್ಲಿ ಫೋನ್ ಬಿಡಲ್ವಂತೆ ರೀ," ಎಂದೆ ಫೋನಿಗೆ. "ಅಂಗಿ ಬಾಗಿಲ ಹಿಂದೆ ಇದೆ. ಮೂರೂ ಮುಕ್ಕಾಲಿಗೆ ಬರ್ತೀನಿ."

ಅವರು ಇನ್ನೇನೋ ಹೇಳುತ್ತಿದ್ದರು. ನಾನು ಗುಂಡಿ ಒತ್ತಿ ಹಿಡಿದೆ. ಪರದೆ ಕಪ್ಪಾಗುವವರೆಗೂ ಹಿಡಿದೇ ಇದ್ದೆ. ಆಮೇಲೆ ಅದನ್ನು ಚೀಲದ ತಳಕ್ಕೆ, ನೀರಿನ ಬಾಟಲಿಯ ಕೆಳಗೆ ಹಾಕಿದೆ.

ಜಿಪಿಎಸ್ ಆರಿಸಲಿಲ್ಲ. ಅದು ಭುಜದ ಮೇಲೆ ಮಿಣುಕುತ್ತಲೇ ಇತ್ತು, ಐದು ಸೆಕೆಂಡಿಗೊಮ್ಮೆ ಇಲ್ಲಿದ್ದಾಳೆ, ಇಲ್ಲೇ ಇದ್ದಾಳೆ ಎಂದು ಬರೆದುಕೊಳ್ಳುತ್ತ. ಬರೆದುಕೊಳ್ಳಲಿ. ಬೇಕಾದವರು ನೋಡಿಕೊಳ್ಳಲಿ. ನಾನು ಕಣ್ಣು ಮುಚ್ಚಿದೆ.